ಅಕಾಡೆಮಿಯ ಎರಡು ಬಾಗಿಲು

1956ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ತರುಣ ಎಸ್. ಪಂಚರತ್ನಂ ಧ್ರುವೀಕೃತ ಬೆಳಕಿನ ಬಗ್ಗೆ ಬರೆದ ಪ್ರಬಂಧ ಭಾರತೀಯ ವಿಜ್ಞಾನ ಅಕಾಡೆಮಿಯ ‘ಪ್ರೊಸೀಡಿಂಗ್ಸ್’ನಲ್ಲಿ ಅಚ್ಚಾಯಿತು. 1984ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಮೈಕಲ್ ಬೆರಿ ‘ಜ್ಯಾಮಿತೀಯ ಫೇಸ್’ ಎಂಬ ಪರಿಕಲ್ಪನೆಯ ಕುರಿತು ಬರೆದು ಹೆಸರಾದರು. ಅದರ ಮೂಲ ಎಳೆ ಪಂಚರತ್ನಂ ಪ್ರಬಂಧದಲ್ಲೇ ಇದೆ ಎಂದು ಭೌತವಿಜ್ಞಾನಿಗಳಾದ ರಾಮಶೇಷನ್ ಮತ್ತು ನಿತ್ಯಾನಂದ 1986ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಪಂಚರತ್ನಂ 1969ರಲ್ಲೇ ತೀರಿಕೊಂಡಿದ್ದರು. ತಪ್ಪೆಲ್ಲ ಪತ್ರಿಕೆಯದೇ ಅಂತಲ್ಲ. ಕಾಲಕ್ಕಿಂತ ಮುಂಚೆ ಬಂದ ವಿಚಾರ ಎಲ್ಲಿ ಅಚ್ಚಾದರೂ ಮೂಲೆ ಸೇರಬಹುದು. ಆದರೂ ನಮ್ಮ ಪತ್ರಿಕೆಗಳು ಕಣ್ಣಿಗೆ ಬೀಳುವುದಿಲ್ಲ ಎಂಬ ಕೊರಗಿಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಸಿ.ವಿ. ರಾಮನ್ 1934ರಲ್ಲಿ ಅಕಾಡೆಮಿ ಕಟ್ಟಿದ ಹಿಂದೆ ಒಂದು ಹಟವಿತ್ತು: ಇಲ್ಲಿಯ ಕೆಲಸ ಇಲ್ಲೇ ಅಚ್ಚಾಗಬೇಕು. ಅವರ ನಂತರ ‘ಪ್ರೊಸೀಡಿಂಗ್ಸ್’ ವಿಷಯವಾರು ಕವಲೊಡೆಯಿತು. ಭೌತವಿಜ್ಞಾನಕ್ಕೆ 1973ರಲ್ಲಿ ‘ಪ್ರಮಾಣ’ ಬಂತು. ಜಾಲದ ಕಾಲ ಬಂದಾಗ ಅಕಾಡೆಮಿ ಹಿಡಿದದ್ದು ನಡುದಾರಿ. ವಿದೇಶಿ ಪ್ರಕಾಶಕ ಸ್ಪ್ರಿಂಗರ್ ಜೊತೆ ಸಹಪ್ರಕಾಶನದ ಒಪ್ಪಂದ ಮಾಡಿಕೊಂಡಿತು; ಅದೇ ಪ್ರಬಂಧಗಳನ್ನು ತನ್ನ ಜಾಲತಾಣದಲ್ಲಿ ಪುಕ್ಕಟೆ ಓದಲೂ ಇಟ್ಟಿತು. ಒಂದೇ ಮನೆಗೆ ಎರಡು ಬಾಗಿಲು: ಮುಂದಿನದಕ್ಕೆ ಚಂದಾ, ಹಿತ್ತಿಲಿನದು ಸದಾ ತೆರೆದದ್ದು.

ಆ ಕಾಲಕ್ಕೆ ಇದು ಜಾಣ ನಡೆ. ಪ್ರಬಂಧ ಬರೆದವರೇ ಸಾವಿರಾರು ಡಾಲರ್ ತೆತ್ತು ಅಚ್ಚು ಹಾಕಿಸುವ ಪದ್ಧತಿ ಜಗತ್ತಿನಲ್ಲಿ ಹಬ್ಬುತ್ತಿದ್ದಾಗ, ಓದುಗನ ಜೇಬಿಗೂ ಲೇಖಕನ ಜೇಬಿಗೂ ಕೈಹಾಕದೆ ನಡೆದ ಸಂಸ್ಥೆ ಇದು. ಅಷ್ಟಕ್ಕೆ ಮೆಚ್ಚಲೇಬೇಕು.

ಆದರೆ ಕಾಣಿಸಿಕೊಳ್ಳುವುದು ಎಂದರೆ ಈಗ ಬೇರೆಯೇ ಕಥೆ. ಭೌತವಿಜ್ಞಾನದ ಎಷ್ಟೋ ಪ್ರಬಂಧಗಳು ಪತ್ರಿಕೆಗೆ ಮುಟ್ಟುವ ಮೊದಲೇ 1991ರಲ್ಲಿ ಶುರುವಾದ ಆರ್ಕೈವ್ (arXiv) ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಓದುಗನನ್ನು ಹುಡುಕಿಕೊಡುವುದಕ್ಕೆ ಪತ್ರಿಕೆ ಬೇಕಾಗಿಲ್ಲ. ಬೇಕಾಗಿರುವುದು ನೇಮಕಾತಿ, ಬಡ್ತಿ ಸಮಿತಿಗಳ ಮುಂದೆ ಇಡುವ ಮುದ್ರೆಗೆ. ಆ ಮುದ್ರೆಯ ಬೆಲೆಯನ್ನು, ಪತ್ರಿಕೆಯ ಪ್ರಬಂಧಗಳನ್ನು ಬೇರೆಯವರು ಎಷ್ಟು ಉಲ್ಲೇಖಿಸುತ್ತಾರೆ ಎಂದು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಅಂಕಿ ಕಟ್ಟುತ್ತಿದೆ, ಅದರಲ್ಲಿ ‘ಪ್ರಮಾಣ’ದಂಥವು ಹಿಂದೆ ಬೀಳುತ್ತವೆ. ಸೋಜಿಗವೆಂದರೆ ಆ ಸಮಿತಿಗಳಲ್ಲಿ ಕೂರುವವರಲ್ಲಿ ಅಕಾಡೆಮಿಯ ಫೆಲೋಗಳೂ ಇರುತ್ತಾರೆ. ಹೊರಗಿನ ಪ್ರಕಾಶಕನಿಗೆ ಕಪಾಟು ಒಪ್ಪಿಸಿದ್ದು ಸರಿ. ತನ್ನವರ ತಕ್ಕಡಿಯನ್ನು ತಿದ್ದುವ ಕೆಲಸಕ್ಕೆ ಅಕಾಡೆಮಿ ಅಷ್ಟೇ ಗಟ್ಟಿಯಾಗಿ ಕೈಹಾಕಲಿಲ್ಲ ಎಂಬುದು ನನ್ನ ದೂರು.

ಸರ್ಕಾರದ ಲಕ್ಷ್ಯವೂ ಇಲ್ಲಿಯ ಪತ್ರಿಕೆಗಳನ್ನು ಬೆಳೆಸುವುದಕ್ಕಿಂತ ಓದಿನ ಕಡೆಗೇ. 2024ರ ನವೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಸರ್ಕಾರಿ ಸಂಸ್ಥೆಗಳಿಗೆ ಪತ್ರಿಕೆಗಳ ಚಂದಾ ಕೊಡಿಸುವ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ 3 ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಜಿಲ್ಲಾ ಕೇಂದ್ರದ ಸರ್ಕಾರಿ ಕಾಲೇಜಿನ ಅಧ್ಯಾಪಕಿಗೆ ಇದು ವರವೇ. ಆದರೆ ಇಲ್ಲಿಯ ವಿದ್ವತ್ಸಂಘಗಳ ಸಂಪಾದಕೀಯ ಬಲಕ್ಕೆ ಅದರ ಒಂದು ಚೂರು ಹರಿದಿದ್ದರೂ ಎಷ್ಟೋ ಆಗುತ್ತಿತ್ತು.

ಅಕಾಡೆಮಿ ಏನು ಮಾಡಬಲ್ಲದು ಎಂಬುದಕ್ಕೆ ಅದರದೇ ‘ರೆಸೊನೆನ್ಸ್’ ಇದೆ. 1996ರಲ್ಲಿ ಎನ್. ಮುಕುಂದ ಪ್ರಧಾನ ಸಂಪಾದಕರಾಗಿ ಶುರುವಾದ ಈ ಮಾಸಿಕ ಪದವಿ ವಿದ್ಯಾರ್ಥಿಗಳಿಗೂ ಮೇಷ್ಟರಿಗೂ ಬರೆಯುತ್ತದೆ. ಯಾವ ಅಂಕಿಯ ಹಂಗೂ ಇಲ್ಲದೆ ಒಳ್ಳೆಯ ವಿಜ್ಞಾನಿಗಳಿಂದ ಸರಳವಾಗಿ ಬರೆಸಿಕೊಳ್ಳುತ್ತದೆ. ನನ್ನ ಮಟ್ಟಿಗೆ ಅಕಾಡೆಮಿಯ ಅತ್ಯುತ್ತಮ ಪ್ರಕಟಣೆ ಇದೇ. ತನ್ನ ಓದುಗ ಯಾರೆಂದು ಅದಕ್ಕೆ ಗೊತ್ತು. ಸಂಶೋಧನಾ ಪತ್ರಿಕೆಗಳಿಗೆ ಆ ಖಾತರಿ ಇದ್ದಂತಿಲ್ಲ.

ಅವಕ್ಕೂ ಒಂದು ದಾರಿ ಇದೆ. ಪತ್ರಿಕೆಯ ನಿಜವಾದ ದುಡಿಮೆ ಇರುವುದು ಪರಿಶೀಲಕರ ಟಿಪ್ಪಣಿಗಳಲ್ಲಿ, ಅವೇ ಕಡತದಲ್ಲಿ ಮುಚ್ಚಿಹೋಗುತ್ತವೆ. ‘ಇಲೈಫ್’ ಎಂಬ ವಿದೇಶಿ ಸಂಶೋಧನಾ ಪತ್ರಿಕೆ 2023ರಲ್ಲಿ ಸ್ವೀಕಾರ–ತಿರಸ್ಕಾರದ ಪದ್ಧತಿ ಕೈಬಿಟ್ಟು, ಪರಿಶೀಲಕರ ಮಾತನ್ನು ಪ್ರಬಂಧದ ಜೊತೆಗೇ ಪ್ರಕಟಿಸತೊಡಗಿತು. ಅದಕ್ಕೆ ಇಂಪ್ಯಾಕ್ಟ್ ಫ್ಯಾಕ್ಟರನ್ನೇ ಬೆಲೆಯಾಗಿ ತೆತ್ತಿತು. ಅಕಾಡೆಮಿಯ ಪತ್ರಿಕೆಗಳಿಗೆ ಕಳೆದುಕೊಳ್ಳಲು ಅಷ್ಟು ದೊಡ್ಡ ಅಂಕಿಯೂ ಇಲ್ಲ. ಅದೇ ದಾರಿ ಹಿಡಿಯಲು ಹಿಂಜರಿಯುವುದಕ್ಕೆ ಕಾರಣ ನನಗಂತೂ ಕಾಣುತ್ತಿಲ್ಲ.