ಮುಂಗಡ ಪಡೆಯದ ದೋಣಿಯವನು

ಹೆಮಿಂಗ್ವೆ ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು 1952ರಲ್ಲಿ ಬಂದ ಮುದುಕ ಬೆಸ್ತನ ಕಥೆ. ಮೊದಲ ಭಾಗದಲ್ಲೇ ದೊಡ್ಡ ಮೀನಿನ ಬೇಟೆ ಬರುವ ಅವನ ಇನ್ನೊಂದು ಕಾದಂಬರಿ ಇದೆ. 1937ರಲ್ಲಿ ಪ್ರಕಟವಾದ ‘ಟು ಹ್ಯಾವ್ ಆಂಡ್ ಹ್ಯಾವ್ ನಾಟ್’. ಅವನ ದುರ್ಬಲ ಕೃತಿಗಳಲ್ಲಿ ಇದೂ ಒಂದು ಎನ್ನುತ್ತಾರೆ. ಇಡೀ ಪುಸ್ತಕದ ಮಟ್ಟಿಗೆ ನನ್ನ ತಕರಾರಿಲ್ಲ. ಆದರೆ ಮೊದಲ ಭಾಗವನ್ನು, ತಿಂಗಳ ಖರ್ಚಿನ ಲೆಕ್ಕ ಬರೆದಿಡುವ ಹೆಂಗಸರು ಒಮ್ಮೆ ಓದಬೇಕು.

ಅಮೆರಿಕದ ಕೀ ವೆಸ್ಟ್ ಊರಿನ ಹ್ಯಾರಿ ಮಾರ್ಗನ್‌ಗೆ ಒಂದು ದೋಣಿಯಿದೆ. ಹಣವಂತರು ಅದನ್ನು ದಿನದ ಲೆಕ್ಕದಲ್ಲಿ ಬಾಡಿಗೆಗೆ ಹಿಡಿದು, ಆಳ ಸಮುದ್ರದಲ್ಲಿ ಮಾರ್ಲಿನ್ ಮೀನಿಗೆ ಗಾಳ ಹಾಕಲು ಹೋಗುತ್ತಾರೆ. ಜಾನ್ಸನ್ ಎಂಬ ಗಿರಾಕಿ ಹವಾನಾದ ಕಡಲಿನಲ್ಲಿ ಮೂರು ವಾರ ಹೀಗೆ ಕಳೆಯುತ್ತಾನೆ. ಗಾಳಕ್ಕೆ ಮೀನು ಸಿಕ್ಕಿಸಿಕೊಡುವ ಆಳಿಗೆ ದಿನಕ್ಕೆ ಒಂದು ಡಾಲರ್ ಕೂಲಿ. ಅದು ದಂಡದ ಖರ್ಚು ಎಂದು ಗೊಣಗುವವನೂ ಇವನೇ! ಭುಜದ ಪಟ್ಟಿ ಬಿಚ್ಚಿಟ್ಟು, ರೀಲಿನ ತಿರುಪು ಬಿಗಿಮಾಡಿ, ಹ್ಯಾರಿಯ ಬೆಲೆಬಾಳುವ ಗಾಳದ ಕೋಲು, ರೀಲು ಎರಡನ್ನೂ ಸಮುದ್ರದ ಪಾಲು ಮಾಡುತ್ತಾನೆ. ನಾಳೆ ಬ್ಯಾಂಕಿನಿಂದ ತಂದು ಕೊಡುತ್ತೇನೆ ಎನ್ನುತ್ತಾನೆ. ಮರುದಿನ ವಿಮಾನ ಹತ್ತಿ ಹೊರಟೇಹೋಗಿರುತ್ತಾನೆ.

ಬಾಡಿಗೆ ಎಷ್ಟು, ಆಳಿನ ಕೂಲಿ ಯಾರದು, ಸಾಮಾನು ಕಳೆದರೆ ಯಾರ ತಲೆಗೆ, ಮುಂಗಡ ಎಷ್ಟು? ದಡದಲ್ಲಿ ಆಗಬೇಕಾದ ಈ ಮಾತುಗಳಲ್ಲಿ ಕೊನೆಯದು, ಬಾಡಿಗೆಯ ಮಟ್ಟಿಗೆ, ಇಲ್ಲಿ ಆಗಿರಲೇ ಇಲ್ಲ. ಶಾಲೆಯ ಪ್ರವಾಸಕ್ಕೆ ಎಷ್ಟೋ ವರ್ಷ ಬಸ್ಸು ಗೊತ್ತುಮಾಡಿದವಳು ನಾನು. ಟೀಚರಮ್ಮನೇ ಬಂದು ಕೇಳಿದರೂ ಮುಂಗಡ ಕೈಗೆ ಬೀಳದೆ ಮಾಲೀಕರು ಡೀಸೆಲ್ ಹಾಕಿಸುವುದಿಲ್ಲ. ಈ ಕಾದಂಬರಿ ಓದಿದ ಮೇಲೆ ಅವರನ್ನು ಬೈಯಲು ನಾಲಿಗೆ ಏಳುವುದಿಲ್ಲ.

1934ರಲ್ಲಿ ‘ಪಿಲಾರ್’ ಎಂಬ ಸ್ವಂತ ದೋಣಿ ಕೊಳ್ಳುವವರೆಗೆ ಹೆಮಿಂಗ್ವೆಯೂ ಬೇರೆಯವರ ದೋಣಿಯಲ್ಲೇ ಮೀನು ಹಿಡಿಯಲು ಹೋಗುತ್ತಿದ್ದವನು. ಆದರೂ ಬಾಡಿಗೆ ಕೊಡುವವನ ಮನಸ್ಸಿನೊಳಗೆ ಇಳಿದು ಬರೆದಿದ್ದಾನೆ. ಸಾಲ ಏರುತ್ತಿರುವುದು ಗೊತ್ತಿದ್ದೂ ಗಿರಾಕಿಯನ್ನು ಕೇಳಲು ಹಿಂಜರಿಯುವ ಆ ಸಂಕೋಚ ಅಪ್ಪಟ ನಿಜ.

ನನ್ನ ಆಕ್ಷೇಪ ಬೇರೆಯದು. ಜಾನ್ಸನ್ ಕೊಡಬೇಕಾದ ಹಣದ ಲೆಕ್ಕವನ್ನು ಪೈಸೆ ಬಿಡದೆ ಇಡುವ ಲೇಖಕ, ಗಾಳ ಸಿದ್ಧಪಡಿಸುವ ಆ ಕರಿಯ ಕೆಲಸಗಾರನಿಗೆ ಮೊದಲ ಭಾಗದಲ್ಲಿ ಒಂದು ಹೆಸರನ್ನೂ ಕೊಟ್ಟಿಲ್ಲ. ಉದ್ದಕ್ಕೂ ಅವಹೇಳನದ ಒಂದೇ ಪದ. ಅದು ಹ್ಯಾರಿ ಹೇಳುವ ಕಥೆ, ಅವನ ಬಾಯಿಯ ಮಾತು ಎಂದು ಸಮರ್ಥಿಸಬಹುದು. ಹೆಸರಿಲ್ಲದ ಕೊರತೆ ಅದರಿಂದ ತುಂಬುವುದಿಲ್ಲ. ಮುಂದೆ ಹ್ಯಾರಿ ಚೀನೀಯರನ್ನು ಕಳ್ಳತನದಲ್ಲಿ ಸಾಗಿಸಲು ಒಪ್ಪಿ, ದಳ್ಳಾಳಿ ಸಿಂಗ್‌ನನ್ನು ಕೈಯಾರೆ ಕೊಲ್ಲುತ್ತಾನೆ. ಬಾಡಿಗೆ ಮುಳುಗಿದ್ದು ಅವನನ್ನು ಆ ದಾರಿಗೆ ತಳ್ಳಿತು, ಸರಿ. ಕೊಲೆಯನ್ನೂ ಜಾನ್ಸನ್ನನ ಖಾತೆಗೇ ಬರೆಯಲು ನಾನು ಒಪ್ಪುವುದಿಲ್ಲ.

ಮೂರು ಹೆಣ್ಣುಮಕ್ಕಳ ತಾಯಿ ಮರೀ, ಹ್ಯಾರಿಯ ಹೆಂಡತಿ. ಗಂಡ ಸತ್ತ ಮೇಲೆ ಕೊನೆಯ ಅಧ್ಯಾಯವಿಡೀ ಅವಳ ಮನದ ಮಾತು. ಅವನಿಲ್ಲದ ರಾತ್ರಿಗಳ ಅಳಲನ್ನು ಲೇಖಕ ಚೆನ್ನಾಗಿಯೇ ಬರೆದಿದ್ದಾನೆ. ಜಾನ್ಸನ್ ಕೈಕೊಟ್ಟ ಆ ವಸಂತದಲ್ಲಿ ಅವಳು ಅಂಗಡಿಯವನಿಗೆ ಏನು ಹೇಳಿ ಸಾಮಾನು ತಂದಳು ಎಂಬುದನ್ನು ಮಾತ್ರ ಎಲ್ಲಿಯೂ ಬರೆದಿಲ್ಲ.