ಕೋಡಿ ಇಲ್ಲದ ಪುಸ್ತಕ

ಅಮಿತಾವ್ ಘೋಷ್ ಅವರ ‘ದಿ ಗ್ರೇಟ್ ಡಿರೇಂಜ್‌ಮೆಂಟ್’ ಬಂದಿದ್ದು 2016ರಲ್ಲಿ. ನಾನು ಓದಿದ್ದು ತಡವಾಗಿ, 2022ರ ಸೆಪ್ಟೆಂಬರ್‌ನಲ್ಲಿ. ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ಮನೆಯಿಂದಲೇ ಕೆಲಸ ಮಾಡಿ ಅಂತ ಆಫೀಸಿನಿಂದ ಮೇಲ್ ಬಂದಿದ್ದ ವಾರ ಅದು. ಅಂಥ ವಾರದಲ್ಲಿ ಓದಿದ್ದಕ್ಕೋ ಏನೋ, ಪುಸ್ತಕ ತುಂಬಾ ಹಿಡಿಸಿತು. ಜೊತೆಗೆ ಒಂದು ತಕರಾರೂ ಹುಟ್ಟಿತು.

1978ರ ಮಾರ್ಚ್ 17ರಂದು ದೆಹಲಿಯಲ್ಲಿ ಸುಂಟರಗಾಳಿ ಎದ್ದಾಗ ಘೋಷ್ ಅದರ ದಾರಿಯಲ್ಲೇ ಇದ್ದರಂತೆ. ಮುಂದೆ ಇಷ್ಟು ಕಾದಂಬರಿ ಬರೆದರೂ ಆ ಘಟನೆಯನ್ನು ಒಂದರೊಳಗೂ ತರೋಕೆ ಆಗಲಿಲ್ಲ. ಕಥೆಯಲ್ಲಿ ಬಂದರೆ ಯಾರು ನಂಬ್ತಾರೆ? ಆಧುನಿಕ ಕಾದಂಬರಿ ನಿಂತಿರೋದೇ ‘ಆಗಬಹುದಾದದ್ದರ’ ಮೇಲೆ, ಹಾಗಾಗಿ ಹವಾಮಾನ ಬದಲಾವಣೆ ತರುವ ಅಸಂಭವಗಳಿಗೆ ಅದರಲ್ಲಿ ಜಾಗ ಇಲ್ಲ, ಇದು ಕಲ್ಪನೆಯ ಸೋಲು ಅನ್ನೋದು ಅವರ ವಾದ. ಮನುಷ್ಯನಾಚೆಗಿನ ಲೋಕವನ್ನೂ ಬರೆದವರನ್ನು ಹೆಸರಿಸುವಾಗ ನಮ್ಮ ಶಿವರಾಮ ಕಾರಂತರೂ ಬರ್ತಾರೆ, ಬಂದು ಹಾಗೇ ಹೋಗ್ತಾರೆ. ‘ಮರಳಿ ಮಣ್ಣಿಗೆ’ ಓದಿದವರಿಗೆ ಇನ್ನೆರಡು ಪುಟ ಬರೀಬಹುದಿತ್ತು ಅನ್ನಿಸುತ್ತೆ.

ಎಂಜಿನಿಯರ್ ಆದ ನನಗೆ ಈ ವಾದ ಓದುವಾಗ ಕಣ್ಮುಂದೆ ಬಂದಿದ್ದು ಚರಂಡಿ. ನಮ್ಮ ಮೋರಿ, ಸೇತುವೆ, ಅಣೆಕಟ್ಟಿನ ಗೇಟು ಎಲ್ಲ ನಿಂತಿರೋದೂ ಇದೇ ‘ಆಗಬಹುದಾದದ್ದರ’ ಮೇಲೆ. ಹಿಂದಿನ ಮಳೆಯ ಲೆಕ್ಕ ತೆಗೆದು, ಇಷ್ಟು ವರ್ಷಕ್ಕೊಮ್ಮೆ ಇಂಥ ಮಳೆ ಬರುತ್ತೆ ಅಂತ ಅಂದಾಜು ಹಾಕಿ, ಅಷ್ಟಕ್ಕೆ ಕಟ್ತೀವಿ. ಈಗ ಮಳೆಯೇ ಆ ಹಳೇ ಲೆಕ್ಕದ ಮಾತು ಕೇಳ್ತಿಲ್ಲ. ಇಲ್ಲಿವರೆಗೆ ಘೋಷ್ ಹೇಳಿದ್ದು ನೂರಕ್ಕೆ ನೂರು ಸರಿ.

ನನ್ನ ತಕರಾರು ಶುರುವಾಗೋದು ಮುಂಬೈಯಲ್ಲಿ. ಆ ಊರಿನ ಹಳೇ ಚರಂಡಿ ವ್ಯವಸ್ಥೆ ಗಂಟೆಗೆ 25 ಮಿಲಿಮೀಟರ್ ಮಳೆಗೆ ಮಾಡಿದ್ದು, ಅದೂ ಸಮುದ್ರ ಇಳಿತದಲ್ಲಿದ್ದಾಗ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗೆ 944 ಮಿಲಿಮೀಟರ್ ಸುರಿಯಿತು. ಮೇಲಿಂದ ಸಮುದ್ರದ ಉಬ್ಬರ ಬೇರೆ. ನೀರು ಹೊರಗೆ ಹೋಗೋಕೆ ದಾರಿಯೇ ಇಲ್ಲ. ನೂರಾರು ಜನ ಸತ್ತರು. ಘೋಷ್ ಈ ದಿನದ ಬಗ್ಗೆ ಬರೆದ ಪುಟಗಳು ಪುಸ್ತಕದ ಒಳ್ಳೆಯ ಪುಟಗಳಲ್ಲಿ ಸೇರುತ್ತವೆ.

ಆದರೆ ಸಾಮರ್ಥ್ಯವನ್ನು 50 ಮಿಲಿಮೀಟರ್‌ಗೆ ಏರಿಸಿ, ಪಂಪಿಂಗ್ ಸ್ಟೇಷನ್ ಕಟ್ಟಿ ಅಂತ ‘ಬ್ರಿಮ್‌ಸ್ಟೋವಾಡ್’ ವರದಿ 1993ರಲ್ಲೇ ಹೇಳಿತ್ತು. ಹನ್ನೆರಡು ವರ್ಷವಾದರೂ ಬಹುಪಾಲು ಕೆಲಸ ಆಗಿರಲಿಲ್ಲ. ಅಂದರೆ ಯಾರೋ ಕಲ್ಪಿಸಿಕೊಂಡಿದ್ದರು, ಬರೆದೂ ಇಟ್ಟಿದ್ದರು. ಸೋತಿದ್ದು ಫೈಲು. ಪುಸ್ತಕ ತನ್ನ ಭಾರವನ್ನೆಲ್ಲ ಕಲ್ಪನೆಯ ಮೇಲೆ ಹಾಕಿದಾಗ, ಆ ಫೈಲಿನ ಮೇಲೆ ಕೂತವರು ಸುಲಭವಾಗಿ ತಪ್ಪಿಸಿಕೊಳ್ತಾರೆ.

ಹಾಗಂತ ಆ ಕೆಲಸ ಮುಗಿದಿದ್ದರೆ ಮುಂಬೈ ಅವತ್ತು ಮುಳುಗ್ತಾ ಇರಲಿಲ್ಲವಾ? ಮುಳುಗ್ತಿತ್ತು. 50 ಮಿಲಿಮೀಟರಿನ ಚರಂಡಿಗೂ ಆ ಮಳೆ ದಕ್ಕುವಂಥದ್ದಲ್ಲ. ನೀರು ಬೇಗ ಇಳೀತಿತ್ತು, ಕೆಲವು ಜೀವ ಉಳೀತಿದ್ದವು. ಕಟ್ಟಿದ್ದು ಸೋಲೋ ದಿನ ಹೇಗೆ ಸೋಲಬೇಕು ಅನ್ನೋ ಈ ಪ್ರಶ್ನೆಯೇ ಪುಸ್ತಕದಲ್ಲಿ ನನಗೆ ಸಿಗಲಿಲ್ಲ.

ನಮ್ಮೂರ ಕೆರೆಗೆ ಕೋಡಿ ಇದೆ. ಕೆರೆ ಕಟ್ಟಿದವರು ಬಂದ ಮಳೆಯನ್ನೆಲ್ಲ ಹಿಡಿದಿಡ್ತೀವಿ ಅಂದುಕೊಳ್ಳಲಿಲ್ಲ. ಹೆಚ್ಚಾದ ನೀರು ಏರಿ ಒಡೀದೇ ಯಾವ ಕಡೆಯಿಂದ ಹೋಗಬೇಕು, ಕೆಳಗಿನ ಯಾವ ಕೆರೆಗೆ ಸೇರಬೇಕು ಅಂತ ಮೊದಲೇ ತೀರ್ಮಾನ ಮಾಡಿದ್ದರು. ಕೋಡಿ ಹಳ್ಳದಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ಬೆಂಗಳೂರಲ್ಲಿ ಅಂಥ ಹಳ್ಳಗಳಿಗೆ ರಾಜಕಾಲುವೆ ಅಂತಾರೆ, ಅವುಗಳ ಮೇಲೆ ಏನೇನು ಎದ್ದಿದೆ ಅಂತ ನಿಮಗೇ ಗೊತ್ತು.

ಕೊನೆಯ ಭಾಗದಲ್ಲಿ ಘೋಷ್ ಪ್ಯಾರಿಸ್ ಒಪ್ಪಂದವನ್ನೂ ಪೋಪ್ ಬರೆದ ಪತ್ರವನ್ನೂ ಅಕ್ಕಪಕ್ಕ ಇಟ್ಟು ಎರಡರ ಭಾಷೆಯನ್ನು ಹೋಲಿಸ್ತಾರೆ. ಎಷ್ಟು ಚೆನ್ನಾಗಿ ಓದ್ತಾರೆ ಅಂದರೆ ಹೊಟ್ಟೆಕಿಚ್ಚಾಗುತ್ತೆ. ಅದೇ ಕಣ್ಣಿಂದ 1993ರ ಆ ವರದಿಯನ್ನೋ, ಒಂದು ಮೋರಿಯ ಟೆಂಡರನ್ನೋ ಓದಿದ್ದರೆ ನನ್ನಂಥವರಿಗೆ ಇನ್ನೂ ಉಪಕಾರವಾಗ್ತಿತ್ತು. ಆದರೂ ಪುಸ್ತಕ ಓದಿ. ಓದಿ ಮುಗಿಸಿದ ಮೇಲೆ, ನಿಮ್ಮ ಬೀದಿಯ ನೀರು ಕೊನೆಗೆ ಎಲ್ಲಿಗೆ ಹೋಗುತ್ತೆ ಅಂತ ಒಮ್ಮೆ ನಡೆದು ನೋಡಿ ಬನ್ನಿ.