‘ಶ್ರಿಲ್’ ಮತ್ತು ಇಳಿದ ಮೈಯ ಪ್ರಶ್ನೆ

ಸಿಯಾಟಲ್ ನಗರದಲ್ಲಿ ಬೆಳೆದು ಅಲ್ಲಿಯೇ ಲೇಖನಿ ಹಿಡಿದ ಲಿಂಡಿ ವೆಸ್ಟ್ 2016ರಲ್ಲಿ ಪ್ರಕಟಿಸಿದ ‘ಶ್ರಿಲ್’ ಎಂಬ ಆತ್ಮಕಥನರೂಪದ ಪ್ರಬಂಧಸಂಗ್ರಹವು, ಸ್ಥೂಲಕಾಯಳಾದ ಹೆಣ್ಣೊಬ್ಬಳು ತನ್ನ ಮೈಯ ಗಾತ್ರಕ್ಕಾಗಿ ಲೋಕದ ಕ್ಷಮೆಯನ್ನು ಬೇಡಬೇಕಾದ ಕಾರಣವೇ ಇಲ್ಲವೆಂಬ ಮಾತನ್ನು, ನಗಿಸುತ್ತ, ನೋಯುತ್ತ, ಕೆಲವೆಡೆ ಕೆರಳುತ್ತ, ಕೊನೆಯವರೆಗೂ ಬಿಡದೆ ಸಾಧಿಸಿದ ಗ್ರಂಥ. ಅದರ ಬೀಜ 2011ರಲ್ಲಿಯೇ ಬಿದ್ದಿತ್ತು. ತಾನು ಉದ್ಯೋಗದಲ್ಲಿದ್ದ ‘ದ ಸ್ಟ್ರೇಂಜರ್’ ಪತ್ರಿಕೆಯ ಸಂಪಾದಕೀಯ ಮುಖ್ಯಸ್ಥರಾದ ಡ್ಯಾನ್ ಸ್ಯಾವೇಜರು ದಪ್ಪನೆಯವರನ್ನು ಕುರಿತು ಬರೆಯುತ್ತಿದ್ದ ರೀತಿಯನ್ನು ಆಕೆ ಅದೇ ಪತ್ರಿಕೆಯಲ್ಲಿ, ತನ್ನ ಭಾವಚಿತ್ರವನ್ನೂ ಜೊತೆಗಿಟ್ಟು, ಬಹಿರಂಗವಾಗಿ ಖಂಡಿಸಿದ್ದರು. ಅನ್ನದಾತನನ್ನು ಎದುರು ಹಾಕಿಕೊಂಡು ಸತ್ಯವನ್ನಾಡುವ ಆ ಧೈರ್ಯವೇ ಪುಸ್ತಕದ ಪ್ರಾಣ. ವಿಮಾನದ ಇಕ್ಕಟ್ಟಾದ ಆಸನದಲ್ಲಿ ಸಹಪ್ರಯಾಣಿಕನ ಅಸಹನೆಗೆ ಗುರಿಯಾದ ಪ್ರಸಂಗವನ್ನು ಆಕೆ ನಿರೂಪಿಸುವಾಗ, ಅವಮಾನವೆಂಬುದು ಮನಸ್ಸಿಗಿಂತ ಮೊದಲು ತೊಡೆಗೂ ಭುಜಕ್ಕೂ ತಿಳಿಯುವ ಬಗೆಯನ್ನು ನಾನು ಬೇರೆಲ್ಲಿಯೂ ಅಷ್ಟು ನಿಚ್ಚಳವಾಗಿ ಓದಿದ್ದಿಲ್ಲ.

ಆದರೂ ಈ ಗ್ರಂಥದ ದೇಹಸ್ವೀಕಾರದ ಉಪದೇಶ ಒಂದು ಎಲ್ಲೆಯಲ್ಲಿ ನಿಂತುಬಿಡುತ್ತದೆ. ಅದು ಮಾತನಾಡುವುದು ಇದ್ದಂತೆಯೇ ಇರುವ ದೇಹದೊಡನೆ. ಶಸ್ತ್ರಚಿಕಿತ್ಸೆಯಿಂದಲೋ, ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಔಷಧದಿಂದಲೋ, ಕಠಿಣವಾದ ಪಥ್ಯದಿಂದಲೋ ತೂಕದ ಮೂರನೆಯ ಒಂದಂಶವನ್ನು ಕಳೆದುಕೊಂಡವಳು ತನ್ನದೆಂದು ಸ್ವೀಕರಿಸಬೇಕಾದ ದೇಹ ಯಾವುದು? ಸಿಯಾಟಲ್ ಸುತ್ತಲಿನ ಬೆಲ್‌ವ್ಯೂ, ರೆಡ್ಮಂಡ್, ಸಮಾಮಿಶ್‌ಗಳ ಕನ್ನಡ ಮನೆಗಳಲ್ಲಿ ಈ ಪ್ರಶ್ನೆ ಇಂದು ಪುಸ್ತಕದ ಪ್ರಶ್ನೆಯಾಗಿ ಉಳಿದಿಲ್ಲ. ನನಗೆ ಪರಿಚಿತರಾದ ಗೃಹಿಣಿಯೊಬ್ಬರು, ಹಳೆಯ ರೇಷ್ಮೆಯ ಕುಪ್ಪಸಗಳ ಹೊಲಿಗೆಯನ್ನು ಎರಡೆರಡು ಬೆರಳು ಒಳಕ್ಕೆ ಹಿಡಿಸಿದ ಮೇಲೂ, ತೋಳನ್ನು ಮಾತ್ರ ಮೊಣಕೈವರೆಗೆ ಇಳಿಸಿ ಹೊಲಿಸಿಕೊಂಡರು. ರಟ್ಟೆಯ ಕೆಳಗೆ ಜೋಲುವ ಚರ್ಮ ಯಾರ ಕಣ್ಣಿಗೂ ಬೀಳಬಾರದೆಂಬುದೇ ಅದರ ಕಾರಣ. ಹೊಟ್ಟೆಯ ಮಡಿಕೆಗಳಲ್ಲಿ ಬೆವರು ನಿಂತು ಕೆಂಪಾಗುವ ಜಾಗಕ್ಕೆ ದಿನವೂ ಪುಡಿ ಹಾಕಿಕೊಳ್ಳಬೇಕು, ಮರದ ಕುರ್ಚಿಯಲ್ಲಿ ಕುಳಿತರೆ ಮೂಳೆ ಒತ್ತುತ್ತದೆ, ಹಿಂದೆ ಲೆಕ್ಕಕ್ಕೇ ಬಾರದಿದ್ದ ಜಿಟಿಜಿಟಿ ಮಳೆಯ ಚಳಿ ಈಗ ಎಲುಬಿಗಿಳಿಯುತ್ತದೆ. ಬಹುಕಾಲ ಹಿಗ್ಗಿದ್ದ ಚರ್ಮದ ತಂತುಗಳು ಕೊಬ್ಬು ಕರಗಿದೊಡನೆ ಬಿಗಿಯಾಗಿ ಹಿಂದಿರುಗುವುದಿಲ್ಲ. ಆ ಚರ್ಮವನ್ನು ಕತ್ತರಿಸಿ ತೆಗೆಯುವ ಚಿಕಿತ್ಸೆಯನ್ನು ವಿಮೆಯವರು ಬಹುಮಟ್ಟಿಗೆ ಸೌಂದರ್ಯದ ಬಾಬತ್ತೆಂದೇ ಎಣಿಸುತ್ತಾರೆ. ‘ಶ್ರಿಲ್’ ಆಧಾರಿತ ದೂರದರ್ಶನ ಧಾರಾವಾಹಿಯಲ್ಲಿ ದಪ್ಪನೆಯ ಹೆಂಗಸರು ಈಜುಕೊಳದ ಬಳಿ ನಿರ್ಭೀತರಾಗಿ ಕುಣಿಯುವ ಭಾಗ ಯೋಗ್ಯವಾಗಿಯೇ ಮೆಚ್ಚುಗೆ ಪಡೆದಿದೆ. ಆದರೆ ಆ ಕೊಳಕ್ಕೆ ಇಳಿಯಲು ನಮ್ಮ ಈ ಗೃಹಿಣಿ ದಪ್ಪಗಿದ್ದಾಗಿನದಕ್ಕಿಂತ ಹೆಚ್ಚಾಗಿ ಇಂದು ಅಂಜುತ್ತಾರೆ.

ತೂಕ ಇಳಿದವರ ಕಥೆ ಗೆಲುವಿನೊಂದಿಗೆ ಮುಗಿಯುವುದಿಲ್ಲವೆಂಬುದಕ್ಕೆ ಸಿಯಾಟಲ್ಲೇ ಪ್ರಬಲವಾದ ಸಾಕ್ಷ್ಯವನ್ನು ಒದಗಿಸಿದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಕಮಿಂಗ್ಸ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರು ತಿಂಗಳ ಪಥ್ಯದಿಂದ ತಮ್ಮ ತೂಕದ ಶೇಕಡಾ 17ರಷ್ಟನ್ನು ಇಳಿಸಿದವರ ರಕ್ತದಲ್ಲಿ ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಶೇಕಡಾ 24ರಷ್ಟು ಏರಿದ್ದುದು ಕಂಡುಬಂದಿತು. ಜಠರದ ಬೈಪಾಸ್ ಶಸ್ತ್ರಚಿಕಿತ್ಸೆಗೊಳಗಾದವರಲ್ಲಾದರೋ ಅದು ಸಾಮಾನ್ಯ ತೂಕದವರಿಗಿಂತಲೂ ಬಹಳ ಕಡಿಮೆಯಿತ್ತು. ಪಥ್ಯದಿಂದ ಇಳಿದ ದೇಹ ತಾನು ಬರಗಾಲಕ್ಕೆ ಸಿಕ್ಕಿದ್ದೇನೆಂದು ಭಾವಿಸಿ ಹಳೆಯ ಗಾತ್ರಕ್ಕೆ ಮರಳಲು ಹಗಲಿರುಳು ಹೆಣಗುತ್ತಿರುವಾಗ, ಅದರ ಹಸಿವನ್ನು ಚಾಪಲ್ಯವೆಂದೂ ಅದರ ತೂಕ ಮರಳಿದರೆ ಸೋಲೆಂದೂ ಕರೆಯುವುದು ಅನ್ಯಾಯ. ಈ ಇಬ್ಬಂದಿಯನ್ನು ಅರಿತು ಬರೆದವರು ರೊಕ್ಸೇನ್ ಗೇ. 2017ರಲ್ಲಿ ‘ಹಂಗರ್’ ಎಂಬ ಕಟುವಾದ ದೇಹಕಥನವನ್ನು ಪ್ರಕಟಿಸಿದ ಆಕೆ, ಮರುವರ್ಷದ ಆರಂಭದಲ್ಲಿ ಜಠರದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಅದನ್ನೂ ಮರೆಮಾಚದೆ ಬರೆದರು. ಲಿಂಡಿ ವೆಸ್ಟರ ನಿಶ್ಚಿತವಾದ ದನಿಗಿಂತ ಗೇಯವರ ಅನಿಶ್ಚಿತವಾದ ದನಿ ಈ ವಿಷಯದಲ್ಲಿ ನನಗೆ ಹೆಚ್ಚು ವಿಶ್ವಸನೀಯವೆನಿಸುತ್ತದೆ.

ಕನ್ನಡದ ಓದುಗನಿಗೆ ಇಲ್ಲಿ ಗಿರೀಶ ಕಾರ್ನಾಡರ ‘ಹಯವದನ’ ನೆನಪಾಗದೆ ಇರದು. ಆ ನಾಟಕದಲ್ಲಿ ತಲೆಗಳು ಅದಲುಬದಲಾಗಿ ಗೆಳೆಯ ದೇವದತ್ತನ ಸುಕುಮಾರ ಶರೀರವನ್ನು ಪಡೆದ ಕಪಿಲನು ಅದನ್ನು ಕಾಡಿನಲ್ಲಿ ದುಡಿಸಿ ದಂಡಿಸಿ ತನಗೊಪ್ಪುವಂತೆ ಗಟ್ಟಿಗೊಳಿಸಿದರೂ, ತಲೆಗೆ ಗೊತ್ತೇ ಇಲ್ಲದ ಸ್ಪರ್ಶಗಳ ನೆನಪನ್ನು ಆ ಶರೀರ ಬಿಟ್ಟುಕೊಡದೆ ಅವನನ್ನು ಕಾಡುತ್ತದೆ. ಮಾಂಸವನ್ನು ಪಳಗಿಸಬಹುದು, ಅದರ ಸ್ಮೃತಿಯನ್ನು ಅಳಿಸಲಾಗದು ಎಂಬ ಈ ದರ್ಶನದಲ್ಲಿ, ತೂಕ ಕಳೆದವಳು ಬಾಗಿಲಿನಲ್ಲಿ ಇಂದಿಗೂ ಓರೆಯಾಗಿ ನುಸುಳುವುದರ, ಅಂಗಡಿಯಲ್ಲಿ ಇಂದಿಗೂ ದೊಡ್ಡ ಅಳತೆಯ ಉಡುಪಿನತ್ತ ಕೈ ಚಾಚುವುದರ ಮರ್ಮವಿದೆ. ಮೈಯನ್ನು ಒಪ್ಪಿಕೊಳ್ಳುವುದೆಂದರೆ ಹಿಂದಿನ ಮೈಯನ್ನೂ ಒಪ್ಪಿಕೊಳ್ಳುವುದಾಗಬೇಕು. ಹೆತ್ತದ್ದು, ದುಡಿದದ್ದು, ಸಾಗರವನ್ನು ದಾಟಿ ಬಂದದ್ದು ಆ ಮೈಯೇ ಅಲ್ಲವೆ?

ನಮ್ಮವರ ಬಾಯಿಯೋ ಇದಕ್ಕೆ ಅವಕಾಶವನ್ನೇ ಕೊಡುವುದಿಲ್ಲ. ಯುಗಾದಿಯ ಊಟದ ಪಂಕ್ತಿಯಲ್ಲಿ ಒಬ್ಬರು “ಏನ್ರೀ, ಇಷ್ಟು ಇಳಿದುಹೋಗಿದ್ದೀರಿ, ಹುಷಾರಾಗಿದ್ದೀರಿ ತಾನೆ?” ಎಂದು ಮರುಗಿದರೆ, ಮತ್ತೊಬ್ಬರು “ಈಗ ನೋಡಿ ಎಷ್ಟು ಲಕ್ಷಣವಾಗಿದ್ದೀರಿ!” ಎಂದು ಹೊಗಳುತ್ತಾರೆ. ಎರಡೂ ಪ್ರೀತಿಯ ಮಾತುಗಳೇ ಸರಿ. ಆದರೆ ಎರಡನೆಯದರೊಳಗೆ, ಹಿಂದೆ ನೀವು ಲಕ್ಷಣವಾಗಿರಲಿಲ್ಲವೆಂಬ ತೀರ್ಪೂ ಅಡಗಿದೆಯೆಂಬುದು ಕೇಳಿಸಿಕೊಂಡವಳಿಗೆ ಚೆನ್ನಾಗಿ ತಿಳಿಯುತ್ತದೆ, ಮತ್ತು ತೂಕ ಮರಳಿದ ದಿನ ಆ ತೀರ್ಪು ಮತ್ತೆ ಜಾರಿಯಾಗುವುದೆಂಬ ಭಯ ಅವಳ ತಟ್ಟೆಯ ಹೋಳಿಗೆಯನ್ನು ಕಹಿಮಾಡುತ್ತದೆ. ಈ ಅಂಶದಲ್ಲಿ ಮಾತ್ರ ‘ಶ್ರಿಲ್’ನ ನಿಷ್ಠುರತೆ ಇಳಿದವಳಿಗೂ ದಪ್ಪನೆಯವಳಿಗೂ ಸಮಾನವಾಗಿ ರಕ್ಷೆಯಾಗಬಲ್ಲದು, ಏಕೆಂದರೆ ಮತ್ತೊಬ್ಬರ ಮೈಯನ್ನು ತೂಗಿ ಬೆಲೆಕಟ್ಟುವ ಅಧಿಕಾರವನ್ನೇ ಅದು ನಿರಾಕರಿಸುತ್ತದೆ.

ವಾಷಿಂಗ್ಟನ್ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2019ರಲ್ಲಿ, ಸ್ಥೂಲಕಾಯವು ರಾಜ್ಯದ ತಾರತಮ್ಯವಿರೋಧಿ ಕಾನೂನಿನ ಅರ್ಥದಲ್ಲಿ ದೈಹಿಕ ಕುಂದೆಂದು ತೀರ್ಮಾನಿಸಿ, ಅದರ ನೆಪದಲ್ಲಿ ಉದ್ಯೋಗವನ್ನು ನಿರಾಕರಿಸುವುದಕ್ಕೆ ತಡೆಯೊಡ್ಡಿತು. ದಪ್ಪನೆಯವರ ಪಕ್ಷವನ್ನು ಈ ನಾಡಿನಲ್ಲಿ ಕಾನೂನೂ ಒಂದು ಉತ್ತಮ ಗ್ರಂಥವೂ ವಹಿಸಿಕೊಂಡಿವೆ. ಇಳಿದವರ ಪಕ್ಷವನ್ನು ವಹಿಸಬಲ್ಲ ಪುಸ್ತಕ ನಮ್ಮ ಭಾಷೆಯಲ್ಲಿ ಬರಬೇಕಾಗಿದೆ. ಇಲ್ಲಿನ ಕನ್ನಡಿತಿಯರಲ್ಲಿ ಈ ಅನುಭವವನ್ನು ಹಾದುಬಂದವರು, ಜೋಲುವ ಚರ್ಮವನ್ನೂ ಅಡಗದ ಹಸಿವನ್ನೂ ಮುಚ್ಚಿಡದೆ, ಅದನ್ನು ಬರೆಯುವ ಮನಸ್ಸು ಮಾಡಲಿ.